ನಾಲ್ಕನೆಯ ಬಾಟಲಿ

ಹೆಕ್ಟರ್, ಸೆನೆಕಾ ಸರೋವರದ ಪೂರ್ವ ದಂಡೆ
ಅಕ್ಟೋಬರ್ 12, ಗುರುವಾರ ಮಧ್ಯಾಹ್ನ

ನನ್ನ ಗ್ರೆಚೆನ್,

ಈ ಕಾಗದ ಅಂಚೆಯಲ್ಲಿ ಬರುವುದಿಲ್ಲ. ನಮ್ಮ ಹಲ್ಲಿನ ಡಾಕ್ಟರು ವಾಲ್ಟ್ ಶನಿವಾರ ಇಲ್ಲಿಯ ಮನೆ ಖಾಲಿ ಮಾಡಿ ಒಹಾಯೋದ ಮಗಳ ಮನೆಗೆ ಹೊರಟಿದ್ದಾರೆ. ದಾರಿಯಲ್ಲೇ ನಿನ್ನ ಊರು. ಅವರ ಕಾರಿನ ಮುಂದಿನ ಸೀಟಿನಲ್ಲಿ ಒಂದು ಬಾಟಲಿ ಬೆಲ್ಟ್ ಕಟ್ಟಿಕೊಂಡು ಕೂತು ಬರುತ್ತದೆ. ಅದಕ್ಕೆ ನೀನೇ ಹೆಣೆದುಕೊಟ್ಟ ಹಸಿರು ಉಣ್ಣೆಯ ಚೀಲ ತೊಡಿಸಿದ್ದೇನೆ. ಚೀಲದೊಳಗೆ, ಗಾಜಿಗೆ ಒತ್ತಿಕೊಂಡು, ಈ ಕಾಗದ. ದಯವಿಟ್ಟು ಮೊದಲು ಇದನ್ನು ಓದು. ಆಮೇಲೆ ಬಿರಡೆ ತೆಗೆ.

ಇಪ್ಪತ್ತೇಳನೆಯ ತಾರೀಖು ನೀನು ನಿನ್ನ ಇಳಿಜಾರಿನ ದ್ರಾಕ್ಷಿತೋಟವನ್ನು ಮಾರಿ ಸಹಿ ಹಾಕುತ್ತೀಯೆಂದು ಬರ್ನಿ ಹೇಳಿದಳು. ಕೊಳ್ಳುವವರು ಬಳ್ಳಿಗಳನ್ನೆಲ್ಲ ಬುಡಸಮೇತ ಕಿತ್ತು, ರಜೆಗೆ ಬರುವವರಿಗಾಗಿ ಮರದ ಮನೆಗಳನ್ನು ಕಟ್ಟುತ್ತಾರಂತೆ. ಇನ್ನು ಹದಿನೈದು ದಿನ. ಆ ಸಹಿಯನ್ನು ತಡೆಯುವುದಕ್ಕೇ ಈ ಕಾಗದ. ನಾನು ಸುತ್ತಿ ಬಳಸಿ ಬರೆಯುವವಳೆಂದು ನಿನಗೆ ಗೊತ್ತು, ಅದಕ್ಕೇ ಇದನ್ನು ಮೊದಲೇ ಹೇಳಿಬಿಟ್ಟೆ. ಇನ್ನು ಸ್ವಲ್ಪ ಸುತ್ತುವುದಕ್ಕೆ ಅವಕಾಶ ಕೊಡು.

ಕಳೆದ ಭಾನುವಾರ ನಮ್ಮ ವೈನ್ ರುಚಿಯ ಕೂಟ ನನ್ನ ಮನೆಯಲ್ಲೇ ಇತ್ತು. ತಿಂಗಳ ಎರಡನೆಯ ಭಾನುವಾರ, ಮೂರು ಗಂಟೆ; ಹದಿಮೂರು ವರ್ಷಗಳಲ್ಲಿ ಅದೊಂದು ಬದಲಾಗಿಲ್ಲ. ಹನ್ನೊಂದು ಜನ ಇದ್ದೆವು, ಈಗ ಆರು. ಬೆಳಗಿನಿಂದ ಸರೋವರದ ಮೇಲೆ ಮಂಜು ಕೂತೇ ಇತ್ತು. ಆಚೆಯ ದಂಡೆಯೆಂಬುದೇ ಇರಲಿಲ್ಲ. ನಮ್ಮ ದಂಡೆಯೂ ಯಾರದೋ ನೆನಪಿನಂತೆ ಅಲ್ಲಲ್ಲಿ ಮಾತ್ರ ಇತ್ತು. ಬಿಳಿ ಬಟ್ಟೆ ಹಾಸಿದೆ. ಗ್ಲಾಸುಗಳನ್ನು ಬಿಸಿನೀರಿನ ಹಬೆಗೆ ಹಿಡಿದು ಒರೆಸಿದೆ. ಆ ದಿನ ನಾನು ಒಲೆ ಹಚ್ಚುವುದಿಲ್ಲ, ಹೂವು ತರುವುದಿಲ್ಲ, ಸೋಪು ಕೂಡ ಮುಟ್ಟುವುದಿಲ್ಲ. ಯಾವ ವಾಸನೆಯೂ ಇಲ್ಲದೆ ಮನೆ ಉಸಿರು ಹಿಡಿದು ಕಾಯುವ ಆ ಅರ್ಧ ಗಂಟೆ ನನಗೆ ಪದ್ಯ ಶುರುವಾಗುವ ಮೊದಲಿನ ಬಿಳಿ ಜಾಗದ ಹಾಗೆ.

ಬರ್ನಿ ಮೊದಲು ಬಂದಳು. ಇನ್ನೂ ಶಾಲೆಯ ಬಸ್ಸನ್ನೇ ಓಡಿಸುತ್ತಾಳೆ. ಮನೆಯೊಳಗೂ ಐವತ್ತು ಮಕ್ಕಳಿಗೆ ಕೇಳಿಸುವ ಹಾಗೇ ಮಾತಾಡುತ್ತಾಳೆ. “ಕೊರಿನ್, ನಿನ್ನ ಮನೆಗೆ ಬರೋದು ಅಂದ್ರೆ ಆಪರೇಷನ್ ಥಿಯೇಟರಿಗೆ ಬಂದ ಹಾಗೆ ಕಣೆ. ಒಂದು ಸೂಪಿನ ವಾಸನೆನಾದ್ರೂ ಬೇಡ್ವಾ ಮನೇಲಿ?” ಎಂದು ಕೋಟು ನೇತುಹಾಕಿದಳು. ಹಿಂದೆಯೇ ಡಾಕ್ಟರು ಬಂದು, ರುಚಿ ನೋಡಿದ್ದನ್ನು ಉಗುಳುವ ತಾಮ್ರದ ಪಾತ್ರೆಯನ್ನು ತಮ್ಮ ಕುರ್ಚಿಯ ಹತ್ತಿರಕ್ಕೆ ಎಳೆದುಕೊಂಡು, ಪ್ರತಿ ತಿಂಗಳು ಹೇಳುವುದನ್ನೇ ಹೇಳಿದರು: “ನಲವತ್ತು ವರ್ಷ ಊರಿನವರಿಗೆಲ್ಲ ‘ಉಗುಳಿ’ ಅಂತ ಹೇಳಿದೀನಿ. ಈಗ ನನ್ನ ಸರದಿ.”

ಎಲ್ಲವೂ ನೀನಿದ್ದಾಗಿನ ಹಾಗೆಯೇ ನಡೆಯುತ್ತದೆ. ಒಬ್ಬೊಬ್ಬರೂ ಒಂದು ಬಾಟಲಿ, ಮನೆಯಿಂದಲೇ ಉಣ್ಣೆಯ ಚೀಲ ತೊಡಿಸಿ. ಬರ್ನಿ ಅವನ್ನು ಒಳಗಿನ ಕೋಣೆಯಲ್ಲಿ ಅದಲುಬದಲು ಮಾಡಿ ಸಂಖ್ಯೆಯ ಚೀಟಿ ಕಟ್ಟಿ ತರುತ್ತಾಳೆ. ಯಾರದು ಯಾವುದೆಂದು ತಂದವರಿಗೆ ಮಾತ್ರ ಗೊತ್ತು. ಸುರಿದ ಮೇಲೆ ಎರಡು ನಿಮಿಷ ಮೌನ. ಒಂದೊಂದು ಸಾಲು ಬರೆದು ಚೀಟಿ ಮಡಿಸಬೇಕು. ಬರ್ನಿ ಗಟ್ಟಿಯಾಗಿ ಓದುತ್ತಾಳೆ, ಕೊನೆಗೆ ನನ್ನ ಚೀಟಿ. ಆಮೇಲೆ ಚೀಲ ಕಳಚುವುದು.

ಐದನೆಯ ಬಾಟಲಿ ಬರುವ ಹೊತ್ತಿಗೆ ಮಂಜು ಸ್ವಲ್ಪ ಎದ್ದು, ನೀರಿನ ಒಂದು ತುಂಡು ಹೊಳೆಯುತ್ತಿತ್ತು. ಗ್ಲಾಸಿನಲ್ಲಿದ್ದ ಬಣ್ಣವೂ ಅದೇ, ಒಣಹುಲ್ಲಿನ ಮೇಲೆ ಬಿದ್ದ ಸಂಜೆಯ ಬಿಸಿಲು. ಮೂಗು ತಗ್ಗಿಸಿದೆ. ಮೊದಲು ಹಸಿರು ಸೇಬಿನ ಸಿಪ್ಪೆ. ಅದರ ಹಿಂದೆ ಜೇನುಮೇಣ. ಅದರ ಹಿಂದೆ, ಬಹಳ ಹಿಂದೆ, ಮಳೆ ನಿಂತ ಮೇಲೆ ನಮ್ಮ ಗುಡ್ಡದ ಪದರುಕಲ್ಲು ಬಿಡುವ ಆ ತಣ್ಣನೆಯ ವಾಸನೆ. ಬಾಯಲ್ಲಿಟ್ಟರೆ ಅದು ಹೋಗಲೇ ಇಲ್ಲ. ನುಂಗಿದ ಮೇಲೂ ಯಾರೋ ಮೆಲ್ಲಗೆ ಮೆಟ್ಟಿಲು ಇಳಿದು ಹೋಗುತ್ತಿರುವ ಹಾಗೆ ಕೇಳಿಸುತ್ತಲೇ ಇತ್ತು. ಪೆನ್ನು ಕೈಯಲ್ಲಿತ್ತು. ಬರೆಯಲಾಗಲಿಲ್ಲ.

ಬರ್ನಿ ಚೀಟಿಗಳನ್ನು ಓದಿದಳು. ಅವಳದೇ ಮೊದಲು: “ಇನ್ನೊಂದು ಸುತ್ತು ಹಾಕಿ.” ಡಾಕ್ಟರದು: “ಹಿಲ್ಡಾ ಹಿತ್ತಿಲ ಬಾಗಿಲು ತೆಗೆದ ಹಾಗಾಯ್ತು.” ಅವರ ಹೆಂಡತಿ ಹೋಗಿ ನಾಲ್ಕು ವರ್ಷವಾಯಿತು, ಗ್ರೆಚೆನ್. ಕೊನೆಗೆ ನನ್ನ ಚೀಟಿ ಬಿಡಿಸಿ, ಹಿಂದೆ ಮುಂದೆ ತಿರುಗಿಸಿ, “ಇದೇನಿದು, ಮೇಡಂ ಚೀಟಿ ಖಾಲಿ? ಎಂ.ಎ. ಮಾಡಿದ ಮೂಗಿಗೆ ಇವತ್ತು ರಜಾನಾ?” ಅಂದಳು.

ಡಾಕ್ಟರು ಚೀಲ ಕಳಚಿದರು. ಬಾಟಲಿಗೆ ಹೆಸರಪಟ್ಟಿಯೇ ಇರಲಿಲ್ಲ. ಬಣ್ಣ ಬಳಿಯುವವರು ಅಂಟಿಸುವ ಕಾಗದದ ಟೇಪು, ಅದರ ಮೇಲೆ ಬಲಕ್ಕೆ ಬೀಳುವ ನಿನ್ನ ಅಕ್ಷರ: “ಇಳಿಜಾರು. ಮೊದಲ ಕೊಯ್ಲು. ನೋಡೋಣ.”

ನಿನ್ನ ದವಡೆಹಲ್ಲು ಸರಿಮಾಡಿದ್ದಕ್ಕೆ ನೀನು ಅವರಿಗೆ ಎರಡು ಬಾಟಲಿ ಕೊಟ್ಟಿದ್ದೆಯಂತೆ. ನೆಲಮಾಳಿಗೆ ಖಾಲಿ ಮಾಡುವಾಗ ಸಿಕ್ಕಿತಂತೆ. “ಹಳೇದು, ಕೆಟ್ಟಿರತ್ತೆ, ನಿಮ್ಮನ್ನೆಲ್ಲ ಬೇಸ್ತು ಬೀಳಿಸೋಣ ಅಂತ ತಂದೆ,” ಎಂದರು ಡಾಕ್ಟರು.

ಬರ್ನಿ ಬಾಟಲಿಯನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದಳು. “ಇದು ಅದೇನಾ? ಆವತ್ತಿನ ಬಟಾಣಿ ನೀರು?”

ಆವತ್ತಿನದು. ಎಂಟು ವರ್ಷದ ಹಿಂದಿನ ನವೆಂಬರ್ ಭಾನುವಾರದ್ದು. ಕಾಲೇಜಿನ ಗ್ರಂಥಾಲಯದ ಕೆಲಸ ಮುಗಿಸಿ, ಸಂಜೆ ಸಂಜೆ ಹೋಗಿ, ಆ ಮೂರು ಎಕರೆಯಲ್ಲಿ ಒಂದೊಂದೇ ಬಳ್ಳಿ ನೆಟ್ಟು, ಮೂರು ವರ್ಷ ಕಾದು, ನೀನು ಮಾಡಿದ ಮೊದಲ ಇಪ್ಪತ್ತೆಂಟು ಬಾಟಲಿಗಳಲ್ಲಿ ಒಂದನ್ನು ಯಾರಿಗೂ ಹೇಳದೆ ಕಂದು ಚೀಲದಲ್ಲಿ ತಂದಿದ್ದೆ. ಚೀಟಿ ಸಂಖ್ಯೆ ನಾಲ್ಕು. ನೀನು ಕಿಟಕಿಯ ಪಕ್ಕ, ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು, ಚಳಿಯಾದವಳ ಹಾಗೆ ಕೂತಿದ್ದೆ. ನಮಗೆ ಚೆನ್ನಾಗಿದೆ ಅನ್ನಿಸಿದರೆ ಗ್ರಂಥಾಲಯ ಬಿಟ್ಟು ವೈನನ್ನೇ ಮಾಡುವುದೆಂದು ನೀನು ನಿರ್ಧರಿಸಿದ್ದೆಯೆಂದು ಆಮೇಲೆ ತಿಳಿಯಿತು. “ಬಟಾಣಿ ಬೇಯಿಸಿ ಬಸಿದ ನೀರು” ಎಂದು ಬರ್ನಿ ಬರೆದಿದ್ದಳು. ಎಲ್ಲರೂ ನಕ್ಕರು. ಕೊನೆಗೆ ನನ್ನ ಚೀಟಿ: “ಜನ ಬಿಟ್ಟುಹೋದ ಮನೆ. ದೀಪ ಹಾಕಿದರೂ ಯಾರೂ ಇಲ್ಲ.” ಅದಕ್ಕೆ ಯಾರೂ ನಗಲಿಲ್ಲ. “ಆಹಾ” ಎಂದರು. ಆಮೇಲೆ ಚೀಲ ಕಳಚಿತು.

ಈ ಭಾನುವಾರ ಎಲ್ಲರೂ ನನ್ನ ಮುಖ ನೋಡಿದರು. ನಾನು, “ಆವತ್ತಿನ ಬಾಟಲಿಗೆ ಬಿರಡೆಯ ದೋಷ ಹತ್ತಿರಬೇಕು. ಯಾರಿಗೂ ಗೊತ್ತಾಗಲಿಲ್ಲ, ಅಷ್ಟೆ,” ಎಂದೆ. ಎಲ್ಲರೂ ಒಪ್ಪಿದರು. ಸೋಮವಾರ ಅದನ್ನೇ ನಿನಗೆ ಒಂದು ಕಾಗದವಾಗಿಯೂ ಬರೆದೆ. ಬಹಳ ಚೆನ್ನಾಗಿ ಬಂದಿತ್ತು.

ಮಂಗಳವಾರ ನಿನ್ನ ಇಳಿಜಾರಿಗೆ ಹೋದೆ. ಎಂಟು ವರ್ಷದಲ್ಲಿ ಮೊದಲ ಸಲ. ಹಣ್ಣು ಇನ್ನೂ ಬಳ್ಳಿಯಲ್ಲೇ ಇದೆ, ಗ್ರೆಚೆನ್. ನೀನು ನೆಟ್ಟಾಗ ಪೆನ್ಸಿಲಿನಷ್ಟಿದ್ದವು ಈಗ ನನ್ನ ಮುಂಗೈಯಷ್ಟು ದಪ್ಪ. ಸಾಲುಗಳು ನೇರವಾಗಿ ಮಂಜಿನೊಳಕ್ಕೆ ಇಳಿದು, ಅಲ್ಲಿಂದ ನೀರಿಗೆ ಇಳಿಯುತ್ತವೋ ಆಕಾಶಕ್ಕೆ ಏರುತ್ತವೋ ಹೇಳುವ ಹಾಗಿರಲಿಲ್ಲ. ಜೇನುಹುಳುಗಳು ಚಳಿಗೆ ನಿಧಾನವಾಗಿ, ನಿದ್ದೆಗಣ್ಣಿನಲ್ಲಿ ಹಾರುತ್ತಿದ್ದವು. ನಿನ್ನ ಬಳ್ಳಿಗಳನ್ನು ನೋಡಿಕೊಂಡು ಹಣ್ಣನ್ನು ದೊಡ್ಡ ಕಂಪನಿಯವರಿಗೆ ಹಾಕುವ ಪಕ್ಕದ ಎಲ್ಡನ್ ಅಲ್ಲೇ ಇದ್ದ. ನಾನು ಯಾರೆಂದು ಅವನಿಗೆ ಗೊತ್ತಿಲ್ಲ. ಒಂದು ಗೊಂಚಲು ಕಿತ್ತು ಕೊಟ್ಟ.

“ತಿಂದು ನೋಡಿ ಮೇಡಂ. ಮುಂದಿನ ವರ್ಷ ಇವು ಇರಲ್ಲ. ಈ ಮಣ್ಣಲ್ಲಿ ಏನೂ ಹುಟ್ಟಲ್ಲ ಅಂತ ಆಯಮ್ಮನಿಗೆ ಯಾರೋ ಹೇಳಿಬಿಟ್ಟರಂತೆ. ಯಾವ ಪುಣ್ಯಾತ್ಮರೋ, ಏನು ಮೂಗೋ.”

ಮನೆಗೆ ಬಂದು ಸೋಮವಾರದ ಕಾಗದವನ್ನು ಹರಿದೆ.

ಬಿರಡೆಯ ವಿಷಯ ನಿನಗೆ ಹೇಳಿಕೊಡಬೇಕಾಗಿಲ್ಲ. ನೂರಕ್ಕೆ ಎಲ್ಲೋ ಒಂದು ಬಿರಡೆಯಲ್ಲಿ ಬೂಸಲಿನ ದೋಷ ಇರುತ್ತದೆ. ಆ ಒಂದು ಬಾಟಲಿ ನೆನೆದ ರಟ್ಟಿನ ಹಾಗೆ ನಾರುತ್ತದೆ. ದೋಷ ಸ್ವಲ್ಪವೇ ಇದ್ದರೆ ನಾರುವುದೂ ಇಲ್ಲ, ಹಣ್ಣಿನ ಜೀವ ಮಾತ್ರ ಹೋಗಿರುತ್ತದೆ, ಮಿಕ್ಕವರು ವೈನೇ ಹೀಗೆ ಅಂದುಕೊಳ್ಳುತ್ತಾರೆ. ನಮ್ಮ ಕೂಟದಲ್ಲಿ ಅದನ್ನು ಹಿಡಿಯುತ್ತಿದ್ದವಳು ನಾನೊಬ್ಬಳೇ. ನಿನ್ನ ಮೂಗಿಗಂತೂ ಅದು ತಿಳಿಯುವುದೇ ಇಲ್ಲ. ಒಮ್ಮೆ ಅಂಥದ್ದೊಂದು ಗ್ಲಾಸನ್ನು ತಳದವರೆಗೂ ಕುಡಿದು “ಚೆನ್ನಾಗಿದೆಯಲ್ಲ” ಅಂದವಳು ನೀನು. ಎಲ್ಲರೂ ನಕ್ಕಾಗ ನೀನು ನನ್ನ ಕಡೆ ತಿರುಗಿ, “ನನ್ನ ಮೂಗಿಗೆ ಆ ಒಂದು ಕಿಟಕಿ ಇಡೋದು ಮರೆತಿದಾರೆ ಕಣೆ. ಇನ್ಮೇಲೆ ನೀನೇ ನನ್ನ ಮೂಗು, ಆಯ್ತಾ?” ಅಂದಿದ್ದೆ. ಆಯ್ತು ಅಂದಿದ್ದೆ ನಾನು.

ಅದಕ್ಕೆ ನಮ್ಮಲ್ಲೊಂದು ಪದ್ಧತಿಯೇ ಇದೆ. ಮೂಗಿಗೆ ಬಡಿದ ತಕ್ಷಣ, ಚೀಟಿ ಬರೆಯುವ ಮೊದಲೇ, “ಇನ್ನೊಂದು ಬಾಟಲಿ ಇದೆಯಾ?” ಎಂದು ಕೇಳಬೇಕು. ಅಷ್ಟೇ. ತಂದವರಿಗೆ ಅವಮಾನವಿಲ್ಲ. ಇನ್ನೊಂದು ತೆಗೆಯುತ್ತಾರೆ, ಮೊದಲನೆಯದನ್ನು ಎಲ್ಲರೂ ಮರೆಯುತ್ತಾರೆ. ಆವತ್ತು ನಿನ್ನ ಕಾರಿನಲ್ಲಿ ಇನ್ನೂ ಐದು ಬಾಟಲಿಗಳಿದ್ದವು.

ಗ್ರೆಚೆನ್, ನನಗೆ ಆ ವಾಸನೆ ಬಡಿದಿತ್ತು. ತುಂಬಾ ಸಣ್ಣದು, ದೂರದ ಕೋಣೆಯಲ್ಲಿ ಒದ್ದೆ ಕೊಡೆಯಿಟ್ಟ ಹಾಗೆ. ಆದರೆ ಬಡಿದಿತ್ತು. ನಾನು ಕೇಳಲಿಲ್ಲ.

ಏಕೆ ಎಂದು ಈ ಮೂರು ದಿನ ಯೋಚಿಸಿದ್ದೇನೆ. ಅದು ಯಾರದೆಂದು ಗೊತ್ತಿರಲಿಲ್ಲ. ಯಾರೋ ಅಂಗಡಿಯಿಂದ ಅವಸರಕ್ಕೆ ತಂದದ್ದು ಇರಬೇಕೆಂದುಕೊಂಡೆ. ಅಷ್ಟರಲ್ಲಿ ಆ ಸಾಲು ಹೊಳೆದುಬಿಟ್ಟಿತು: ಜನ ಬಿಟ್ಟುಹೋದ ಮನೆ. ವಾರಗಟ್ಟಲೆ ಒಂದು ಸಾಲೂ ಬಾರದೆ ಒಣಗಿದ್ದ ನನಗೆ ಅದು ಎಲ್ಲಿಂದಲೋ ಬಂದು ಕೈಯಲ್ಲಿ ಕೂತಿತು. ಬಿರಡೆ ಎಂದುಬಿಟ್ಟರೆ ಆ ಸಾಲು ವ್ಯರ್ಥ. ಹಾಗಾಗಿ ಬರೆದೆ. ಚೀಲ ಕಳಚಿ ನಿನ್ನ ಅಕ್ಷರ ಕಂಡಾಗ ನಾಲಿಗೆ ಏಳಲಿಲ್ಲ. “ಆಹಾ” ಎಂದವರ ಮುಂದೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ? ನಾಳೆ ಹೇಳೋಣ ಎಂದುಕೊಂಡೆ. ಮರುದಿನ ಬೆಳಿಗ್ಗೆ ಬರ್ನಿ ಬಂದು, ನೀನು ಉಳಿದದ್ದನ್ನೆಲ್ಲ ರುಚಿಯನ್ನೂ ನೋಡದೆ ಹಿತ್ತಿಲ ಹುಲ್ಲಿಗೆ ಸುರಿದೆಯೆಂದೂ, ತಾನೇ ಬಿರಡೆ ತೆಗೆದುಕೊಟ್ಟೆನೆಂದೂ ಹೇಳಿದಳು. ಇನ್ನು ಹೇಳಿ ಏನು ಪ್ರಯೋಜನ ಎಂದುಕೊಂಡೆ. ಮಾರ್ಚಿನಲ್ಲಿ ನೀನು ಊರು ಬಿಟ್ಟು ಹೊರಟಾಗ ಕಾಲೇಜಿನ ಮೆಟ್ಟಿಲ ಮೇಲೆ ನಿಂತು, “ಬೇರೆಯವರು ಅಂದಿದ್ರೆ ನಂಬ್ತಿರಲಿಲ್ಲ ಕಣೆ. ನೀನು ಅಂದ ಮೇಲೆ ಮುಗೀತು,” ಅಂದೆ. ಆಗಲೂ ನಾನು ನಿನ್ನ ಶಾಲಿನ ಬಣ್ಣ ಚೆನ್ನಾಗಿದೆ ಎಂದೆ.

ಮಂಗಳವಾರ ಸಂಜೆ ಡಾಕ್ಟರ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ಅರ್ಧ ತುಂಬಿದ ಪೆಟ್ಟಿಗೆಗಳ ನಡುವೆ ಕೂತು, ಉಳಿದ ಆ ಒಂದು ಬಾಟಲಿಯ ಧೂಳು ಒರೆಸುತ್ತ ಕೇಳಿದರು. ಆಮೇಲೆ, “ಕೊರಿನ್, ಡಾಕ್ಟರು ತಪ್ಪು ಹಲ್ಲು ಕಿತ್ತುಬಿಟ್ಟರೆ ಆಮೇಲೆ ಏನು ಮಾಡಬೇಕು ಗೊತ್ತಾ? ನನ್ನ ಹತ್ತಿರ ಬಂದು ಅಳಬಾರದು. ರೋಗಿಗೆ ಹೇಳಬೇಕು. ಮೊದಲು ರೋಗಿಗೆ,” ಎಂದರು. ಬಾಟಲಿಯನ್ನು ನನ್ನ ಕೈಗಿಟ್ಟು, ಶನಿವಾರ ಬೆಳಿಗ್ಗೆ ಕಾಗದದ ಜೊತೆ ವಾಪಸು ಕೊಡು ಎಂದರು.

ಬುಧವಾರ ಬರ್ನಿಗೂ ಹೇಳಿದೆ, ಬಸ್ಸಿನ ಬಾಗಿಲಲ್ಲೇ ನಿಂತು. ಅವಳು ಎಂಜಿನ್ ಆರಿಸಿದಳು. ಅವಳು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. “ಎಂಟು ವರ್ಷ ಆ ಬಟಾಣಿ ನೀರಿನ ಜೋಕು ಹೇಳಿಕೊಂಡು ತಿರುಗಿದೀನಿ. ನಿನಗೆ ಗೊತ್ತಿತ್ತು. ಪಕ್ಕದಲ್ಲೇ ಕೂತು ನಗ್ತಾ ಇದ್ದೆ.” ಆಮೇಲೆ ಬಾಗಿಲು ಮುಚ್ಚಿತು. ನವೆಂಬರಿನ ಕೂಟ ಅವಳ ಮನೆಯಲ್ಲಿ. ನನ್ನನ್ನು ಕರೆಯುತ್ತಾಳೋ ಇಲ್ಲವೋ ಗೊತ್ತಿಲ್ಲ.

ಕ್ಷಮಿಸು ಎಂದು ಕೇಳುವುದಕ್ಕೆ ಇದನ್ನು ಬರೆಯುತ್ತಿಲ್ಲ. ಅದು ಆಮೇಲಿನ ಮಾತು, ಬರದೆಯೂ ಇರಬಹುದಾದ ಮಾತು. ಕೇಳುವುದು ಒಂದೇ. ಸಹಿ ಹಾಕುವ ಮೊದಲು ಈ ಬಾಟಲಿ ತೆಗೆದು ಕುಡಿ. ಇದರ ಬಿರಡೆ ಹೇಗಿದೆಯೋ ನನಗೂ ಗೊತ್ತಿಲ್ಲ. ತೆಗೆದು ನೋಡುವ ಹಾಗಿಲ್ಲ. ಅದಕ್ಕೇ ನಿನ್ನ ಮೂಗನ್ನು ಮಾತ್ರ ನಂಬಬೇಡ. ನನ್ನದನ್ನಂತೂ ಬೇಡವೇ ಬೇಡ. ನಿಮ್ಮ ಊರಿನಲ್ಲಿ ವೈನ್ ಬಲ್ಲವರು ಯಾರಾದರೂ ಇದ್ದರೆ, ನಿನ್ನನ್ನೂ ನನ್ನನ್ನೂ ಅರಿಯದವರು, ಅವರಿಗೆ ಏನೂ ಹೇಳದೆ ಒಂದು ಗ್ಲಾಸು ಕೊಡು. ಒಂದು ವೇಳೆ ಇದಕ್ಕೂ ದೋಷ ಹತ್ತಿದ್ದರೆ, ಭಾನುವಾರದ ಐದು ಚೀಟಿಗಳನ್ನು ಇದರ ಜೊತೆಗೇ ಇಟ್ಟಿದ್ದೇನೆ. ಖಾಲಿ ಚೀಟಿ ನನ್ನದಾದ್ದರಿಂದ ಇಟ್ಟಿಲ್ಲ.

ಮಂಜು ಈಗ ಪೂರ್ತಿ ಎದ್ದಿದೆ. ಆಚೆಯ ದಂಡೆ ಕಾಣುತ್ತಿದೆ. ಅಲ್ಲಿಯ ಕಿಟಕಿಯೊಂದು ಬಿಸಿಲಿಗೆ ಹೊಳೆದು ಆರಿತು. ಎಲ್ಡನ್ ಇಪ್ಪತ್ತರ ಸುಮಾರಿಗೆ ಹಣ್ಣು ಕೀಳುತ್ತಾನಂತೆ. ಬಂದರೆ ಇನ್ನೂ ಬಳ್ಳಿಯಲ್ಲಿರುವಾಗಲೇ ನೋಡಬಹುದು. ನೀನು ಬಂದ ದಿನ ನಾನು ಆ ಕಡೆ ಸುಳಿಯುವುದಿಲ್ಲ, ನೀನು ಕರೆಯದ ಹೊರತು.

ನಿನ್ನ ಮೂಗಾಗಬೇಕಿದ್ದ,
ಕೊರಿನ್

ಮರೆತ ಮಾತು: ಕಾಗದವನ್ನು ಮಡಿಸಿ, ಚೀಲದೊಳಗೆ ತೂರಿಸಿ, ಮತ್ತೆ ಹೊರಗೆ ತೆಗೆದಿದ್ದೇನೆ. ಮರೆತದ್ದಲ್ಲ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಆ ಬಾಟಲಿ ಯಾರದೆಂದು ನನಗೆ ಗೊತ್ತಿತ್ತು, ಚೀಲ ಕಳಚುವ ಮೊದಲೇ. ನೀನು ಯಾವತ್ತೂ ಕಾಯುವವಳಲ್ಲ, ಸುರಿದ ತಕ್ಷಣ ಮೊದಲ ಗುಟುಕು ನಿನ್ನದೇ. ನಾಲ್ಕನೆಯದು ಬಂದಾಗ ಮಾತ್ರ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು, ಕುಡಿಯದೆ, ನಮ್ಮೊಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದೆ. ಆ ಸಾಲು ಎಲ್ಲಿಂದಲೋ ಬಂದದ್ದಲ್ಲ, ಹುಡುಕಿ ತಂದದ್ದು. ಇಪ್ಪತ್ತು ವರ್ಷ ಪದ್ಯ ಬರೆದ ನನ್ನ ಹತ್ತಿರ ಒಬ್ಬರ ಕೈಗಿಟ್ಟು ‘ಕುಡಿ’ ಎನ್ನುವಂಥದ್ದು ಒಂದೂ ಇರಲಿಲ್ಲ. ನಿನ್ನ ಹತ್ತಿರ ಇಪ್ಪತ್ತೆಂಟು ಇದ್ದವು.

ಈ ಸಲ ಮೊದಲ ಗುಟುಕು ಕುಡಿಯುವಾಗ ಯಾರ ಮುಖವನ್ನೂ ನೋಡಬೇಡ.